‘ಬಿಡು’ ಎಂಬ ಎರಡಕ್ಷರ

ನಮ್ಮೂರು ಮಾದಿಹಳ್ಳಿ. ಬೇಲೂರು ತಾಲ್ಲೂಕಿನದು, ಹೋಬಳಿಯ ಕೇಂದ್ರವೆಂಬ ಗೌರವವೂ ಅದಕ್ಕುಂಟು. ಆದರೂ ಕಾಲೇಜಿನಲ್ಲಿ ಯಾರಾದರೂ ‘ಯಾವ ಊರು?’ ಎಂದು ಕೇಳಿದರೆ ‘ಹಳೇಬೀಡಿನ ಕಡೆ’ ಎಂದುಬಿಡುತ್ತೇನೆ. ಹಳೇಬೀಡೆಂದರೆ ಲೋಕಕ್ಕೆ ಗೊತ್ತು. 2023ರಲ್ಲಿ ಬೇಲೂರು ಸೋಮನಾಥಪುರಗಳ ಜೊತೆಗೆ ಅಲ್ಲಿಯ ದೇವಾಲಯವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಗೊತ್ತಿಲ್ಲ ಎನ್ನುವವರಿಗೇ ನಾಚಿಕೆ. ಹುಟ್ಟಿ ಬೆಳೆಸಿದ ಊರನ್ನು ಹೀಗೆ ಮಾತಿನ ನಡುವೆ ಬಿಟ್ಟುಬಿಡುವುದು ಸರಿಯಲ್ಲವೆಂದು ನನಗೂ ಗೊತ್ತು. ಪ್ರಾಯಶ್ಚಿತ್ತವೆಂಬಂತೆ ಈ ಬರಹವನ್ನು ಅದರ ಹೆಸರಿನಿಂದಲೇ ಆರಂಭಿಸಿದ್ದೇನೆ.

ಕಾಲೇಜಿಗೆ ಸೇರಿದ ಮೊದಲ ವಾರವೇ ಒಂದು ಸಣ್ಣ ಮಾತಿನಿಂದ ನನ್ನ ಮಾನ ಹೋಯಿತು. ಪಕ್ಕದಲ್ಲಿ ಕೂತಿದ್ದ ಮಿತ್ರನೊಬ್ಬ ನನ್ನ ಪೆನ್ನನ್ನು ಎರವಲು ಪಡೆದು ಎಲ್ಲಿಯೋ ಕಳೆದ. ಬಹಳ ನೊಂದುಕೊಂಡು ಬಂದು ಹೇಳಿದ. ನಾನು ಉದಾರವಾಗಿ ‘ಹೋಗ್ಲಿ ಬುಡು’ ಎಂದೆ. ಹಿಂದಿನ ಬೆಂಚಿನಲ್ಲಿ ಹೋ ಎಂದು ನಗೆ ಎದ್ದಿತು. ಅಂದಿನಿಂದ ಒಂದು ವರ್ಷದವರೆಗೆ ನನ್ನ ಹೆಸರು ‘ಬುಡು’ ಎಂದೇ ನಡೆಯಿತು. ಹಾಜರಿ ಕರೆಯುವಾಗ ಮಾತ್ರ ನನಗೆ ನನ್ನ ನಿಜವಾದ ಹೆಸರು ಕೇಳಿಸುತ್ತಿತ್ತು. ‘ಬ’ ಎಂಬುದು ತುಟಿಯ ಅಕ್ಷರ, ಅದು ಪಕ್ಕದ ಇಕಾರವನ್ನೂ ದುಂಡಗೆ ಮಾಡಿ ಉಕಾರವಾಗಿಸಿಕೊಂಡಿದೆ, ಇದರಲ್ಲಿ ನಗುವಂಥದ್ದೇನು ಎಂದು ಈಗ ಎರಡು ವರ್ಷ ಕನ್ನಡ ಓದಿದ ಮೇಲೆ ವಾದಿಸಬಲ್ಲೆ. ಆಗ ತಿಳಿಯಲಿಲ್ಲ. ತುಟಿಯನ್ನು ಬಿಗಿಹಿಡಿದು ‘ಬಿಡು’ ಎನ್ನುವುದನ್ನು ಅಭ್ಯಾಸ ಮಾಡತೊಡಗಿದೆ. ಅಭ್ಯಾಸ ಮಾಡಬೇಕಾದರೆ ಆ ಮಾತು ಎಲ್ಲೆಲ್ಲಿ ಬರುತ್ತದೆಂದು ಮೊದಲೇ ಎಚ್ಚರವಿರಬೇಕು. ಎಚ್ಚರವಿಟ್ಟು ನೋಡಿದರೆ, ಅಯ್ಯೋ, ಅದು ಬಾರದ ಜಾಗವೇ ಇಲ್ಲ!

ಬೆಳಿಗ್ಗೆ ಕಣ್ಣು ಬಿಡುತ್ತೇನೆ. ಅಷ್ಟರಲ್ಲಿ ಅವ್ವ ಕೊಟ್ಟಿಗೆಯಲ್ಲಿ ಕರುವನ್ನು ಬಿಟ್ಟು, ಹಸು ಸೊರೆ ಬಿಟ್ಟ ಮೇಲೆ ಹಾಲು ಕರೆಯುತ್ತಿರುತ್ತಾಳೆ. ಹಿತ್ತಲಿನಲ್ಲಿ ದಾಸವಾಳ ಹೂ ಬಿಟ್ಟಿರುತ್ತದೆ. ಅಜ್ಜಿ ಅದನ್ನು ಬಿಡಿಸುತ್ತಾಳೆ. ಗಿಡ ಬಿಟ್ಟದ್ದನ್ನು ಅಜ್ಜಿ ಬಿಡಿಸುವುದು! ಮೊದಲನೆಯದು ಹುಟ್ಟಿಸುವುದು, ಎರಡನೆಯದು ಕಿತ್ತುಕೊಳ್ಳುವುದು. ಹೊಸ ಅಂಗಿ ಒಗೆದರೆ ಬಣ್ಣ ಬಿಡುತ್ತದೆ. ಮಳೆ ಬಿಟ್ಟರೆ ಹಾಗೆಯೇ ಹೊರಡಬಹುದು, ಬಿಡದೆ ಸುರಿದರೆ ಕೊಡೆ ಹುಡುಕಬೇಕು. ಬಸ್ಸು ಬಿಡುವ ಹೊತ್ತಿಗೆ ಓಡಿಹೋಗಿ ಹತ್ತುತ್ತೇನೆ. ಅದರಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ಆ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ. ಬಸ್ಸೂ ಬಿಡುತ್ತದೆ, ನಾವೂ ಬಸ್ಸನ್ನು ಬಿಡುತ್ತೇವೆ. ಈ ದಾರಿಗೆ ಇನ್ನೊಂದು ಬಸ್ಸು ಬಿಡಿ ಎಂದು ಡಿಪೋಗೆ ಅರ್ಜಿಯನ್ನೂ ಕೊಡುತ್ತೇವೆ.

ತರಗತಿಯಲ್ಲಿ ಲೆಕ್ಕ ಬಿಡಿಸುವುದು, ಚಿತ್ರ ಬಿಡಿಸುವುದು, ಒಗಟು ಬಿಡಿಸುವುದು. ಪರೀಕ್ಷೆಯಲ್ಲಿ ಪ್ರಶ್ನೆ ಬಿಡುವುದು, ಆಮೇಲೆ ನಿಟ್ಟುಸಿರು ಬಿಡುವುದು. ಪ್ರೇಮದಲ್ಲಿ ಬಿದ್ದವರು ಗಡ್ಡ ಬಿಡುತ್ತಾರೆ. ಗುಟ್ಟನ್ನು ಬಾಯಿಬಿಡುವವರಿದ್ದಾರೆ, ಏನೂ ತೋಚದೆ ಸುಮ್ಮನೆ ಬಾಯಿ ಬಿಡುವವರೂ ಇದ್ದಾರೆ. ಇನ್ನು ರೈಲು ಬಿಡುವವರ ವಿಷಯ. ಅರಸೀಕೆರೆ ದೊಡ್ಡ ಜಂಕ್ಷನ್ನು. ಬೆಂಗಳೂರು ಹುಬ್ಬಳ್ಳಿಯ ದಾರಿಗೆ ಹಾಸನ ಮೈಸೂರಿನ ದಾರಿ ಬಂದು ಕೂಡುವುದು ಅಲ್ಲಿಯೇ. ಆದರೆ ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಊಟವಾದ ಮೇಲೆ ಬಿಡುವಷ್ಟು ರೈಲುಗಳನ್ನು ಅರಸೀಕೆರೆಯವರು ಕಂಡಿರಲಾರರು.

ಒಂದು ದಿನ ಈ ಪಟ್ಟಿಯನ್ನು ನಮ್ಮ ಕನ್ನಡ ಅಧ್ಯಾಪಕರಿಗೆ ತೋರಿಸಿದೆ. ಅವರು ನಗಲಿಲ್ಲ. ನನ್ನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಬೀರುವಿನಿಂದ ಕಿಟೆಲ್ ಕೋಶವನ್ನು ಇಳಿಸಿ, ‘ಬಿ’ ಅಕ್ಷರ ತೆಗೆದು ಮುಂದಿಟ್ಟರು. ಫರ್ಡಿನೆಂಡ್ ಕಿಟೆಲ್ಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. ಕೋಶವನ್ನು ತೆರೆದು ನೋಡಿದವರು ಅಷ್ಟಿರಲಿಕ್ಕಿಲ್ಲ, ನಾನಂತೂ ಅಂದಿನವರೆಗೆ ನೋಡಿರಲಿಲ್ಲ. 1832ರಲ್ಲಿ ಜರ್ಮನಿಯ ಉತ್ತರದ ಕಡಲ ಸೀಮೆಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದು, ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿದ್ದು, ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ಈ ಕೋಶವನ್ನು ಅಚ್ಚು ಹಾಕಿಸಿದವರು ಅವರು. ಎಪ್ಪತ್ತು ಸಾವಿರದಷ್ಟು ಶಬ್ದಗಳು. ನಾನು ಬಸ್ಸಿನಲ್ಲಿ ಕೂತು ಬೆರಳು ಮಡಿಸಿ ಎಣಿಸಿದ್ದನ್ನು ಅವರು ನೂರು ವರ್ಷಕ್ಕೂ ಹಿಂದೆಯೇ ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಬರೆದಿಟ್ಟಿದ್ದರು. ನನಗೆ ಸ್ವಲ್ಪ ಅಸೂಯೆಯೇ ಆಯಿತೆನ್ನಬೇಕು.

ಕನ್ನಡದ ಮಾತಿಗೆ ಇಂಗ್ಲಿಷಿನಲ್ಲಿ ಅರ್ಥ, ಬರೆದವರ ತಾಯ್ನುಡಿ ಜರ್ಮನ್. ಮೂರು ಭಾಷೆಗಳ ನಡುವೆ ಈ ‘ಬಿಡು’ ಹೇಗೆ ನಡೆದಾಡಿರಬಹುದು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ಇಂಗ್ಲಿಷ್ ಅಧ್ಯಾಪಕರಿಂದ. ಅವರು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕೆಲವು ಕಾಲ ಜರ್ಮನ್ ಕಲಿತವರು. ಕಲಿತದ್ದನ್ನು ಕೇಳುವವರು ಸಿಕ್ಕರೆ ಅವರಿಗೆ ಹಬ್ಬ.

ಇಂಗ್ಲಿಷಿನ ‘ಲೆಟ್’ ಮೂರೇ ಅಕ್ಷರದ ಮಾತು. ಬಿಡು ಎಂಬ ಅರ್ಥ ಸರಿಯೆ. ಮನೆ ಬಾಡಿಗೆಗಿದೆ ಎಂಬ ಹಲಗೆಯ ಮೇಲೂ ಅದೇ. ‘ಹೋಗೋಣ ನಡಿ’ ಎನ್ನುವುದಕ್ಕೂ ಅದೇ ಬೇಕು. ಆದರೆ ನಮ್ಮ ಪಾಸ್‌ಪೋರ್ಟಿನ ಒಳಪುಟದಲ್ಲಿ, ಈ ಪುಸ್ತಕ ಹಿಡಿದವರನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕೆಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಕೇಳಿಕೊಳ್ಳುವ ಒಂದು ವಾಕ್ಯವಿದೆಯಷ್ಟೆ. ಅಲ್ಲಿ ಬರುವ ‘ಲೆಟ್’ ಎಂದರೆ ಬಿಡುವುದಲ್ಲ, ತಡೆಯುವುದು! ಹ್ಯಾಮ್ಲೆಟ್ ತನ್ನ ತಂದೆಯ ಪ್ರೇತದ ಹಿಂದೆ ಹೊರಟಾಗ ಅಡ್ಡ ಬಂದವರನ್ನು ಗದರಿಸುವಲ್ಲಿಯೂ ಈ ತಡೆಯುವ ‘ಲೆಟ್’ ಇದೆ. ಶಟಲ್ ಆಡುವ ನಮ್ಮ ಮಿತ್ರರು ದಿನವೂ ‘ಲೆಟ್ ಲೆಟ್’ ಎಂದು ಕೂಗುವುದೂ ಅಡ್ಡಿಯಾಯಿತು, ಇನ್ನೊಮ್ಮೆ ಆಡು ಎಂಬ ಅರ್ಥದಲ್ಲಿಯೇ. ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಬೇರೆ ಕ್ರಿಯಾಪದಗಳಂತೆ; ಕಾಲ ಸವೆಸಿ ಸವೆಸಿ ಎರಡಕ್ಕೂ ಒಂದೇ ಮುಖವಾಯಿತು. ಬಿಡುವುದಕ್ಕೂ ತಡೆಯುವುದಕ್ಕೂ ಒಂದೇ ಮಾತಿಟ್ಟುಕೊಂಡು ಆ ಜನ ಅರ್ಧ ಪ್ರಪಂಚವನ್ನು ಹೇಗೆ ಆಳಿದರೋ!

ಜರ್ಮನರ ‘ಲಾಸ್ಸೆನ್’ ಇದೇ ‘ಲೆಟ್’ನ ಒಡಹುಟ್ಟಿದ್ದು. ಅದು ನಮ್ಮ ‘ಬಿಡು’ವಿಗೆ ಇನ್ನೂ ಹತ್ತಿರ. ಬಿಟ್ಟುಹೋಗುವುದೂ ಅದೇ, ಹೋಗಬಿಡುವುದೂ ಅದೇ. ‘ಲಾಸ್ ಮಾಲ್’ ಎಂದರೆ ನಮ್ಮ ‘ಇರಲಿ ಬಿಡು’ ಎಂಬುದೇ ಆಯಿತು ಎಂದರು ಅಧ್ಯಾಪಕರು. ನನ್ನ ಪೆನ್ನು ಕಳೆದವನು ಜರ್ಮನಿಯವನಾಗಿದ್ದರೆ ನಾನು ಅದನ್ನೇ ಹೇಳಬಹುದಾಗಿತ್ತು, ಯಾರೂ ನಗುತ್ತಿರಲಿಲ್ಲ. ಆದರೆ ಅವರಲ್ಲಿ ಒಂದು ತೊಡಕುಂಟು. ‘ನಾನು ಅವನನ್ನು ಕೆಲಸ ಮಾಡಲು ಬಿಡುತ್ತೇನೆ’ ಎಂದರೂ, ‘ನಾನು ಅವನಿಂದ ಕೆಲಸ ಮಾಡಿಸುತ್ತೇನೆ’ ಎಂದರೂ ಜರ್ಮನಿನಲ್ಲಿ ಒಂದೇ ವಾಕ್ಯ. ಒಪ್ಪಿಗೆ ಕೊಟ್ಟದ್ದೋ ಒತ್ತಾಯ ಮಾಡಿದ್ದೋ, ಸಂದರ್ಭ ನೋಡಿ ತಿಳಿಯಬೇಕು. ನಮ್ಮಲ್ಲಿ ‘ಇಸು’ ಎಂಬ ಪ್ರತ್ಯಯವಿದೆ, ಆ ಗೊಂದಲವಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಕನ್ನಡದಲ್ಲಿ ಗೊಂದಲವಿಲ್ಲವೆಂದು ಹೇಳಿದ ಆ ಹೆಮ್ಮೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಿಟೆಲ್ಲರು ನಮ್ಮ ‘ಬಿಡು’ವನ್ನು ಬರೆಯುವಾಗ ಕೈ ಇಂಗ್ಲಿಷ್ ಬರೆಯುತ್ತಿದ್ದರೂ ಮನಸ್ಸಿನಲ್ಲಿ ‘ಲಾಸ್ಸೆನ್’ ಎಂಬುದು ಮೆಲ್ಲಗೆ ತಲೆಯಾಡಿಸಿರಬೇಕು. ಇದು ನನ್ನ ಊಹೆ ಮಾತ್ರ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರ್ ಪದವಿ ಕೊಟ್ಟು ಗೌರವಿಸಿತು. 1903ರಲ್ಲಿ ಆ ಊರಿನಲ್ಲಿಯೇ ಅವರು ದೇಹ ಬಿಟ್ಟರು. ನೋಡಿ, ಇಲ್ಲಿಯೂ ಬಂತು.

ಇದಾದ ಮೇಲೆ ನನಗೆ ಹಳೇಬೀಡಿನ ಹೆಸರೇ ಹೊಸದಾಗಿ ಕೇಳಿಸತೊಡಗಿತು. ಕೆಡು, ಕೇಡು, ಪಡು, ಪಾಡು, ಹಾಗೆಯೇ ಬಿಡು, ಬೀಡು. ಕ್ರಿಯೆಯ ಮೊದಲ ಸ್ವರ ಉದ್ದವಾದರೆ ನಾಮಪದ. ಬಂಡಿಯ ಎತ್ತನ್ನು ನೊಗದಿಂದ ಬಿಟ್ಟ ಜಾಗ, ಹೊತ್ತ ಮೂಟೆಯನ್ನು ಬಿಟ್ಟ ಜಾಗ ಬೀಡಾಯಿತು, ಬಿಡಾರವಾಯಿತು. ಸೈನ್ಯ ‘ಬೀಡುಬಿಟ್ಟಿತು’ ಎನ್ನುತ್ತೇವೆ. ಬಿಡುವುದನ್ನು ಎರಡು ಸಲ ಹೇಳಿದರೆ ನಿಲ್ಲುವುದು ಎಂದು ಅರ್ಥ! ತಮಿಳರಿಗೆ ‘ವೀಡು’ ಎಂದರೆ ಮನೆ. ಮೋಕ್ಷಕ್ಕೂ ಅವರಲ್ಲಿ ಅದೇ ಮಾತು. ಹೊಯ್ಸಳರ ಶಾಸನಗಳಲ್ಲಿ ದೋರಸಮುದ್ರ ಅರಸರ ‘ನೆಲೆವೀಡು’. 14ನೆಯ ಶತಮಾನದ ದಾಳಿಗಳಲ್ಲಿ ಆ ನೆಲೆ ಹೋಯಿತು. ಬಿಟ್ಟ ಬೀಡು ಹಳೇಬೀಡಾಗಿ ಉಳಿಯಿತು.

ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿಹಾಕಿದರೆ ಇನ್ನೊಂದು ಬಗೆಯ ‘ಬಿಡು’ ಕಣ್ಣಿಗೆ ಬೀಳುತ್ತದೆ. ದೇವರಿಗೆ ಬಿಟ್ಟ ಗದ್ದೆ, ಬಿಟ್ಟ ಬೆದ್ದಲು, ಬಿಟ್ಟ ದತ್ತಿ. ಅಲ್ಲಿ ಬಿಡುವುದೆಂದರೆ ತೊರೆಯುವುದಲ್ಲ, ಕೊಡುವುದು. ಈ ಅರ್ಥ ಕಲ್ಲಿನ ಮೇಲೆಯೇ ಸತ್ತಿಲ್ಲ. ಹಳೇಬೀಡು ಮಾದಿಹಳ್ಳಿ ಹೋಬಳಿಗಳ ಕೆರೆಗಳಿಗೆ ನೀರು ತರುವ ರಣಘಟ್ಟ ಯೋಜನೆಗಾಗಿ ನಮ್ಮ ಕಡೆಯ ರೈತರು ಎಷ್ಟೋ ಕಾಲ ರಸ್ತೆಗಿಳಿದು ಕೇಳಿದ್ದು ಇದನ್ನೇ: ಕೆರೆಗೆ ನೀರು ಬಿಡಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಕನ್ನಡ ಸಂಘದಲ್ಲಿ ಓದಬಹುದಾದ ಒಂದು ಪ್ರಬಂಧವಾಗುತ್ತಿತ್ತು. ಆದರೆ ಈ ಮಾತು ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ.

ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾಯಿತು. ಮೊದಲ ವರ್ಷದ ಫೀಸಿಗಾಗಿ ಅವ್ವನ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗಿತ್ತು, ಅದನ್ನು ಬಿಡಿಸಿಕೊಳ್ಳಬೇಕಾಗಿತ್ತು. ಅರ್ಜಿಯೆಲ್ಲ ಈಗ ಕಂಪ್ಯೂಟರಿನ ಮೂಲಕ. ಪೇಟೆಯ ಒಂದು ಅಂಗಡಿಯಲ್ಲಿ ನನ್ನ ವಯಸ್ಸಿನ ಹುಡುಗನೊಬ್ಬ ಪ್ರಶ್ನೆ ಕೇಳುತ್ತ, ಅಕ್ಷರ ಒತ್ತುತ್ತ ಹೋದ. ತಂದೆಯ ಹೆಸರು ಕೇಳಿದ, ಹೇಳಿದೆ. ಕೆಲಸ ಕೇಳಿದ. ‘ಅವರು ನಮ್ಮನ್ನ ಬಿಟ್ಟು ಹೋದರು’ ಎಂದೆ. ಹುಡುಗ ಕೈ ನಿಲ್ಲಿಸಿ ನನ್ನನ್ನು ನೋಡಿದ. ‘ಛೆ, ಯಾವಾಗ?’ ಎಂದ. ‘ನನಗೆ ಮೂರು ವರ್ಷ ಇದ್ದಾಗ.’ ಅವನು ಮೆಲ್ಲಗೆ ಏನನ್ನೋ ಒತ್ತಿ, ಆಮೇಲೆ ಬಹಳ ಮೃದುವಾಗಿ ಕೇಳಿದ: ‘ಮರಣ ಪತ್ರ ತಂದಿದ್ದೀರಾ?’

ನನಗೆ ಕಿವಿ ಬಿಸಿಯಾಯಿತು. ‘ಹಾಗಲ್ಲ, ಸತ್ತಿಲ್ಲ. ಬಿಟ್ಟು ಹೋದರು’ ಎಂದೆ.

‘ಓ! ಬಿಟ್ಟು ಹೋದ್ರಾ?’ ಎಂದ ಅವನು.

ಅದೇ ಮಾತು. ಒಂದಕ್ಷರದ ವ್ಯತ್ಯಾಸವಿಲ್ಲ. ಆದರೆ ಮೊದಲ ಸಲ ಅವನ ಕಣ್ಣಿನಲ್ಲಿದ್ದ ಮರ್ಯಾದೆ ಎರಡನೆಯ ಸಲ ಇರಲಿಲ್ಲ. ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ತಲೆ ಎತ್ತಿ ನೋಡಿದರು. ಅಪ್ಪ ಸತ್ತಿದ್ದರೇ ಚೆನ್ನಾಗಿತ್ತೇನೋ ಎಂಬ ಯೋಚನೆ ಆ ಕ್ಷಣ ನನ್ನ ತಲೆಯಲ್ಲಿ ಹಾದುಹೋಯಿತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾದುಹೋದದ್ದು ನಿಜ.

ಅರ್ಜಿ ಅರ್ಧಕ್ಕೆ ನಿಂತಿತು. ಆದಾಯ ಪತ್ರ ಅವ್ವನ ಹೆಸರಿನಲ್ಲಿ ಬೇಕೆಂದರು. ಶನಿವಾರ ಊರಿಗೆ ಹೋದೆ. ಅವರೆಕಾಯಿಯ ಕಾಲ. ಅವ್ವ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಬಿಡಿಸುತ್ತ ಕೂತಿದ್ದಳು. ನಾನೂ ಕೂತು ನಾಲ್ಕು ಕಾಯಿ ಬಿಡಿಸುತ್ತ ಅಂಗಡಿಯ ಕಥೆಯನ್ನು ಆದಷ್ಟು ತಮಾಷೆಯಾಗಿ ಹೇಳಿದೆ.

‘ಕೊನೇಗೆ ಏನಂತ ಬರ್ಸ್ದೆ?’ ಎಂದಳು.

‘ಬಿಟ್ಟು ಹೋಗಿದ್ದಾರೆ ಅಂತ.’

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. ‘ಅದು ಸುಳ್ಳು ಕಣಪ್ಪ’ ಎಂದಳು. ‘ನಿಮ್ಮಪ್ಪ ಎಲ್ಲಿಗೂ ಹೋಗ್ಲಿಲ್ಲ. ಅವ್ರ ಮನೇಲೇ ಅವ್ರೆ. ಬುಟ್ಟು ಬಂದೋಳು ನಾನು.’

ನಾನು ಹದಿನೇಳು ವರ್ಷ ಬೇರೊಂದು ಕಥೆಯಲ್ಲಿ ಬದುಕಿದ್ದೆ. ಆ ಕಥೆಯನ್ನು ಯಾರೂ ನನಗೆ ಹೇಳಿದ್ದಲ್ಲ. ಒಂದೇ ಒಂದು ಮಾತಿನಿಂದ ನಾನೇ ಕಟ್ಟಿಕೊಂಡದ್ದು. ಐದನೆಯ ತರಗತಿಯಲ್ಲಿದ್ದಾಗ ನಲ್ಲಿಯ ಬಳಿ ಕೊಡದ ಸರದಿಗಾಗಿ ಜಗಳ ನಡೆದು, ಒಬ್ಬಾಕೆ ನನ್ನ ಅವ್ವನನ್ನು ‘ಗಂಡ ಬುಟ್ಟೋಳು’ ಎಂದಿದ್ದಳು. ನಾನು ಕಲ್ಲು ತೆಗೆದುಕೊಂಡಿದ್ದೆ. ಅವ್ವ ನನ್ನ ಕೈ ಹಿಡಿದು ‘ಬುಡ್ಲಾ’ ಎಂದಿದ್ದಳು, ಕಲ್ಲನ್ನೋ, ಕೋಪವನ್ನೋ. ಅಂದೇ ನಿಶ್ಚಯಿಸಿಕೊಂಡೆ: ಗಂಡನು ಬಿಟ್ಟವಳು ನನ್ನ ಅವ್ವ. ಬಿಟ್ಟವನು ಅಪ್ಪ. ಹದಿನೇಳು ವರ್ಷದಲ್ಲಿ ಎಷ್ಟು ದ್ವೇಷ ಕೂಡಿಡಬಹುದೋ ಅಷ್ಟನ್ನೂ ಅವನ ಹೆಸರಿನಲ್ಲಿ ಕೂಡಿಟ್ಟೆ. ಎಷ್ಟು ಮರುಕ ಪಡಬಹುದೋ ಅಷ್ಟನ್ನೂ ಅವ್ವನ ಮೇಲೆ ಸುರಿದೆ. ಆ ಮರುಕ ಅವಳಿಗೆ ಎಷ್ಟು ಸಲ ಕಿರಿಕಿರಿಯಾಗಿತ್ತೋ!

ನಮ್ಮ ವ್ಯಾಕರಣ ಇಲ್ಲಿ ಕೈಬಿಟ್ಟಿತು. ‘ಊರು ಬಿಟ್ಟವನು’ ಎಂದರೆ ಊರನ್ನು ಬಿಟ್ಟವನು, ಊರು ಕರ್ಮ. ‘ಮರ ಬಿಟ್ಟ ಹಣ್ಣು’ ಎಂದರೆ ಮರವು ಬಿಟ್ಟ ಹಣ್ಣು, ಮರ ಕರ್ತೃ. ‘ಗಂಡ ಬಿಟ್ಟವಳು’ ಎಂದರೆ? ಗಂಡನು ಬಿಟ್ಟವಳೋ, ಗಂಡನನ್ನು ಬಿಟ್ಟವಳೋ? ಮನುಷ್ಯವಾಚಕದ ಮೇಲಿನ ದ್ವಿತೀಯಾ ಪ್ರತ್ಯಯ ಸಾಮಾನ್ಯವಾಗಿ ಲೋಪವಾಗುವುದಿಲ್ಲ ಎಂದು ನಮ್ಮ ಅಧ್ಯಾಪಕರು ಆಕ್ಷೇಪಿಸಬಹುದು. ಅವರು ಒಂದು ಸಲ ನಮ್ಮೂರಿನ ನಲ್ಲಿಯ ಬಳಿಗೆ ಬಂದು ಕೇಳಬೇಕು. ಅಲ್ಲಿ ಎಲ್ಲ ಪ್ರತ್ಯಯಗಳೂ ನೀರಿನಲ್ಲಿ ಕೊಚ್ಚಿಹೋಗುತ್ತವೆ. ಜರ್ಮನರ ‘ಲಾಸ್ಸೆನ್’ ಕಂಡು ನಕ್ಕವನು ನಾನು; ಅದಕ್ಕಿಂತ ದೊಡ್ಡ ತೊಡಕು ನನ್ನ ಮನೆಯ ಜಗಲಿಯ ಮೇಲೆಯೇ ಕೂತಿತ್ತು.

ಅವ್ವ ಉಳಿದದ್ದನ್ನು ಕಾಯಿ ಬಿಡಿಸುತ್ತಲೇ ಹೇಳಿದಳು, ಬಹಳ ಹೇಳಲಿಲ್ಲ. ಅರಸೀಕೆರೆಯ ಕಡೆಯ ತೆಂಗಿನ ಸೀಮೆಯ ಮನೆ, ಬಡತನವೇನಲ್ಲ. ಕುಡಿತ; ಕುಡಿದ ಮೇಲೆ ಕೈ. ನಾಲ್ಕು ವರ್ಷ ತಡೆದಳಂತೆ. ಒಂದು ದಿನ ನನ್ನ ಮೇಲೂ ಕೈ ಎತ್ತಿದರಂತೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದುಬಿಟ್ಟಳು. ಅಜ್ಜಿ ಅತ್ತಳು, ಮಾವ ಬೈದ, ಅವ್ವ ಹಿಂದಕ್ಕೆ ಹೋಗಲಿಲ್ಲ. ಒಂದು ಹಸು ಕಟ್ಟಿದಳು, ಡೈರಿಗೆ ಹಾಲು ಹಾಕಿದಳು.

‘ಅವ್ರು ಹುಡಿಕ್ಕಂಡು ಬರ್ಲಿಲ್ವಾ?’ ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗನದರಂತೆ ಕೇಳಿಸಿತು.

‘ಎಲ್ಡು ಸಲ ಬಂದಿದ್ರು. ಇದೇ ಜಗಲಿ ಮೇಲೆ ಕೂತಿದ್ರು. ಒಳೀಕ್ಕೆ ಬುಡ್ಲಿಲ್ಲ ನಾನು.’

‘ನನ್ನ ನೋಡೋಕೂ?’

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಮೊರ ತುಂಬಿತು. ‘ಅದು ಸರಿಯೋ ತಪ್ಪೋ ನಂಗೆ ಇವತ್ತಿಗೂ ಗೊತ್ತಿಲ್ಲ. ನೋಡ್ಬೇಕು ಅಂದ್ರೆ ನೀನು ಹೋಗಿ ಬಾ. ನಾನು ಬ್ಯಾಡ ಅನ್ನಾಕಿಲ್ಲ’ ಎಂದಳು.

ನಾನು ಇನ್ನೂ ಹೋಗಿಲ್ಲ. ಹೋಗುವ ಮನಸ್ಸು ಒಂದೊಂದು ದಿನ ಬರುತ್ತದೆ. ಅರಸೀಕೆರೆಯ ಬಸ್ಸು ನಿಲ್ದಾಣದಲ್ಲಿ ನಿಂತಿರುವುದನ್ನು ಕಂಡಾಗ ಬರುತ್ತದೆ, ಅದು ಬಿಟ್ಟ ಮೇಲೆ ಹೋಗುತ್ತದೆ. ಅಷ್ಟು ವರ್ಷ ದ್ವೇಷ ಮಾಡಿದ ಮನುಷ್ಯ ನಾನು ತಿಳಿದಂಥ ತಪ್ಪನ್ನು ಮಾಡಿರಲಿಲ್ಲ, ಬೇರೆ ತಪ್ಪು ಮಾಡಿದ್ದ. ಈ ಲೆಕ್ಕವನ್ನು ನನಗೆ ಬಿಡಿಸಲು ಬರುವುದಿಲ್ಲ. ಅವ್ವನ ವಿಷಯದಲ್ಲಿ ಮಾತ್ರ ಒಂದು ಸ್ಪಷ್ಟವಾಗಿದೆ. ಅವಳನ್ನು ಕಂಡಾಗ ಮೊದಲಿನಂತೆ ‘ಪಾಪ’ ಎನ್ನಿಸುವುದಿಲ್ಲ. ಕೆಲವು ಸಲ ಹೆದರಿಕೆಯೇ ಆಗುತ್ತದೆ.

ಸೋಮವಾರ ಅಂಗಡಿಗೆ ಹೋಗಿ ‘ಪೋಷಕರು: ತಾಯಿ’ ಎಂದು ಬರೆಸಿದೆ. ಹುಡುಗ ಈ ಸಲ ಏನೂ ಕೇಳಲಿಲ್ಲ. ಹಣ ಬಂತು, ಓಲೆ ಬಿಡಿಸಿಕೊಂಡೆವು.

ಈ ಬರಹವನ್ನು ಸಂಪಾದಕರಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಿದೆ. ಅವಳ ಒಪ್ಪಿಗೆಯಿಲ್ಲದೆ ಕೊಡುವಂತಿರಲಿಲ್ಲ. ಕಿಟೆಲ್ಲರ ಭಾಗದಲ್ಲಿ ಆಕಳಿಸಿದಳು. ರೈಲು ಬಿಡುವ ಕಡೆ ನಕ್ಕಳು. ಕೊನೆಯ ಭಾಗ ಓದುವಾಗ ನಾನು ಅವಳ ಮುಖ ನೋಡಲಿಲ್ಲ.

ಮುಗಿದ ಮೇಲೆ ‘ನನ್ನ ಹೆಸ್ರು ಹಾಕಿದ್ದೀಯಾ?’ ಎಂದು ಕೇಳಿದಳು.

‘ಇಲ್ಲ.’

‘ಊರ್ದು?’

‘ಮೊದಲ್ನೇ ಸಾಲಲ್ಲೇ ಇದೆ.’

‘ಇರ್ಲಿ. ಹಾಕ್ಸ್‌ಬುಡು’ ಎಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಕರು ಬಿಡುವ ಹೊತ್ತಾಗಿತ್ತು.